ದೊರೆಯ ಎರಡು ಬಾಗಿಲ ಕಾರು

ಬಂಗಾರಪೇಟೆ
೧೨ನೇ ಸೆಪ್ಟೆಂಬರ್ ೧೯೫೭, ಗುರುವಾರ

ಚಾಂಪಿಯನ್ ರೀಫ್ಸ್ ಗಣಿಯ ಸ್ಟೋರ್ಸಿನ ಗುಮಾಸ್ತರಾದ ಆದಿನಾರಾಯಣ ಅವರಿಗೆ ಮುನಿಶಾಮಮ್ಮ ಮಾಡುವ ನಮಸ್ಕಾರ.

ಪತಿದೇವರ ಪಾದಗಳಿಗೆ ಎಂದು ಶುರು ಮಾಡಲು ಹೊರಟೆ, ಕೈ ಏಳಲಿಲ್ಲ. ಬರೀ ನಮಸ್ಕಾರವನ್ನೇ ಒಪ್ಪಿಸಿಕೊಳ್ಳಿ. ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿರುವುದು ನಿಮ್ಮ ಕಾಗದದಿಂದಲೇ ತಿಳಿಯಿತು. ಚೆನ್ನಾಗಿಲ್ಲದವರು ಕಾರು ಕೊಳ್ಳುವ ಮಾತಾಡುವುದಿಲ್ಲ. ಉತ್ತರ ಬರೆಯುವುದು ಎರಡು ವಾರ ತಡವಾಯಿತು. ಕೈತುಂಬ ಕೆಲಸವಿತ್ತು.

ಮೂರು ವರ್ಷದ ಮೇಲೆ ಬಂದ ಮೊದಲ ಕಾಗದ ಅದು. ಅಂಚೆಯವನು ಬಾಗಿಲಲ್ಲಿ ನಿಂತು ಶ್ಯಾಮಲಾದೇವಿ ಯಾರಮ್ಮ ಎಂದು ಕೇಳಿದ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲಪ್ಪ ಎಂದು ಅವ್ವ ವಾಪಸು ಕಳಿಸುವುದರಲ್ಲಿದ್ದಳು. ನಿಮ್ಮ ಅಕ್ಷರ ಗುರುತು ಹಿಡಿದು ನಾನೇ ಓಡಿಹೋಗಿ ಇಸಕೊಂಡೆ. ಮುನಿಶಾಮಮ್ಮ ಎಂದು ಕ್ವಾರ್ಟರ್ಸಿನಲ್ಲಿ ನಾಲ್ಕು ಜನರ ಮುಂದೆ ಕೂಗುವುದಕ್ಕೆ ನಾಚಿಕೆಯಾಗುತ್ತದೆ ಎಂದು ಮದುವೆಯಾದ ಹೊಸದರಲ್ಲಿ ನೀವೇ ಇಟ್ಟ ಹೆಸರು ಅದು. ನನಗೆ ಮರೆತೇ ಹೋಗಿತ್ತು. ನಿಮಗೆ ನೆನಪಿದೆ, ಸಂತೋಷ.

ಕಾಗದ ಓದಿದೆ. ಚಿನ್ನದ ಗಣಿಗಳು ಸರ್ಕಾರದ ಕೈಗೆ ಬಂದ ಮೇಲೆ ನಿಮ್ಮ ಇಂಗ್ಲಿಷ್ ದೊರೆಯೂ ಗಂಟುಮೂಟೆ ಕಟ್ಟಿಕೊಂಡು ಸೀಮೆಗೆ ಹೊರಟುಹೋದ. ಹೋಗುವ ಮುಂಚೆ ತನ್ನ ಎರಡು ಬಾಗಿಲ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರನ್ನು ನಮ್ಮ ಸೋದರಮಾವ ಬಚ್ಚಪ್ಪನ ಮೋಟಾರು ರಿಪೇರಿ ಶೆಡ್ಡಿನಲ್ಲಿ ಮಾರಾಟಕ್ಕೆ ಬಿಟ್ಟ. ಅದನ್ನು ನೀವು ಕೊಳ್ಳಬೇಕೆಂದಿದ್ದೀರಿ. ಹಳೆಯದಾದರೂ ಒಳ್ಳೆಯ ಮಾಲೋ ಅಲ್ಲವೋ, ಇಟ್ಟುಕೊಂಡರೆ ದುಡ್ಡು ಎಷ್ಟು ತಿನ್ನುತ್ತದೆ, ಅಳಿಯನೆಂದು ಮಾವ ಬೆಲೆ ಇಳಿಸುತ್ತಾನೋ, ಇಷ್ಟನ್ನು ಕೇಳಿ ತಿಳಿಸು ಎಂದು ಬರೆದಿದ್ದೀರಿ. ಕೊನೆಯಲ್ಲಿ ನನ್ನ ಮಾತೂ ಬಂದಿದೆ. ಕಾರು ಕೈಗೆ ಬಂದ ಮೊದಲ ಭಾನುವಾರವೇ ಅದರಲ್ಲಿ ಬಂದು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ರಾಬರ್ಟ್‌ಸನ್‌ಪೇಟೆಯ ಬೀದಿಯಲ್ಲೇ ಮನೆಗೆ ಕರೆದುಕೊಂಡು ಹೋಗುತ್ತೀರಂತೆ. ಹೋದದ್ದನ್ನು ಮರೆತುಬಿಡಬೇಕಂತೆ. ಕಾರಿನ ಬಗ್ಗೆ ಒಂದೂವರೆ ಪುಟ, ನನ್ನ ಬಗ್ಗೆ ಎರಡು ಸಾಲು. ಅವ್ವನ ಕಣ್ಣು ಹೇಗಿದೆ ಎಂದು ಕೇಳುವುದಕ್ಕೆ ಜಾಗ ಸಾಲಲಿಲ್ಲವೇನೋ.

ಮೊದಲು ಕಾರಿನ ವಿಷಯ ಮುಗಿಸುತ್ತೇನೆ. ರೈಲ್ವೆ ಗೇಟಿನ ಪಕ್ಕದ ಮಾವನ ಶೆಡ್ಡು ನೀವು ನೋಡಿದ್ದೀರಿ. ಮದುವೆಯ ಮಾರನೇ ದಿನ ಅಲ್ಲಿ ಕಾಲಿಟ್ಟು, ಪಂಚೆಗೆ ಗ್ರೀಸು ಮೆತ್ತಿತೆಂದು ಮುಖ ಊದಿಸಿಕೊಂಡು ಬಂದಿರಿ. ಕಾಗದ ಬಂದ ದಿನವೇ ನಾನು ಹೋಗಿ ಕೇಳಿದ್ದಕ್ಕೆ ಮಾವ ಬೀಡಿ ಕಚ್ಚಿಕೊಂಡೇ ಹೇಳಿದ: “ಮ್ಯಾಲೆ ಬಣ್ಣ ಐತೆ, ಕೆಳಗೆ ತುಕ್ಕು ಐತೆ. ಬಾಗ್ಲು ಜೋರಾಗಿ ಎಳುದ್ರೆ ಬಾಗ್ಲೇ ಕೈಗೆ ಬತ್ತದೆ ಕಣಮ್ಮೀ.” ಎರಡನೇ ಗೇರು ತಾನಾಗಿ ಕಳಚಿಕೊಳ್ಳುತ್ತದಂತೆ, ಅದನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಓಡಿಸಬೇಕಂತೆ. ಬ್ರೇಕು ಹಾಕಿದರೆ ಎಡಕ್ಕೆ ಎಳೆಯುತ್ತದೆ. ಊರಿಗಾಂ ಏರಿನಲ್ಲಿ ನೀರು ಕುದಿಯುತ್ತದೆ. ನೆಲಕ್ಕೆ ಅಂಟಿಕೊಂಡಿರುವ ಗಾಡಿಯಾದ್ದರಿಂದ ನಮ್ಮ ರಸ್ತೆಯ ಕಲ್ಲುಗಳೆಲ್ಲ ಹೊಟ್ಟೆಗೆ ತಾಗುತ್ತವೆ. ಮಳೆ ಬಂದರೆ ಮೇಲಿನಿಂದಲ್ಲ, ಕಾಲ ಕೆಳಗಿನಿಂದ ನೀರು ಬರುತ್ತದಂತೆ. ಅದರ ಟೈರು ಬೆಂಗಳೂರಿನಲ್ಲೂ ಇಲ್ಲ, ಮದರಾಸಿನಲ್ಲೂ ಇಲ್ಲ, ಹಡಗಿನಲ್ಲಿ ಬರಬೇಕು.

ಹಾಗಾದರೆ ಕೊಳ್ಳಲೇಬಾರದೇ ಎಂದು ಕೇಳಿದೆ. “ಕೊಳ್ಳೋದೇನ್ ದೊಡ್ಡದಲ್ಲ ಮಗಾ, ಆಮ್ಯಾಕೆ ಅದುನ್ನ ಸಾಕ್ಬೇಕಲ್ಲ. ದೊರೆಗೆ ಡ್ರೈವರ್ ಇದ್ದ, ಕಂಪ್ನಿ ವರ್ಕ್‌ಶಾಪ್ ಇತ್ತು. ನಿನ್ ಗಂಡುಂಗೆ ಏನೈತೆ?” ಎಂದ. ಇಂಜಿನ್ನು ಒಂದು ಮಾತ್ರ ಗಟ್ಟಿಯಾಗಿದೆ, ದೊರೆ ಅದಕ್ಕೆ ಮಾತ್ರ ಎಣ್ಣೆ ಹೊತ್ತಿಗೆ ಸರಿಯಾಗಿ ಹಾಕಿಸುತ್ತಿದ್ದ, ಇನ್ನೂ ಬಹಳ ಕಾಲ ದುಡಿಯುತ್ತದೆ ಎಂದೂ ಹೇಳಿದ. ಇದು ಮಾವನ ಅಭಿಪ್ರಾಯ. ಅವನಿಗೆ ನಿಮ್ಮ ಮೇಲೆ ಹಗೆಯೇನೂ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾನೆ. ಹಗೆ ಇರುವುದು ನನಗೆ.

ಮರೆತುಬಿಡು ಎಂದಿರಲ್ಲ, ಏನನ್ನು ಎಂದು ನಿಮಗೆ ಜ್ಞಾಪಕವಿದೆಯೇ? ಐವತ್ನಾಲ್ಕನೇ ಇಸವಿ, ಒಂದು ಭಾನುವಾರ ಬೆಳಿಗ್ಗೆ. ದೊರೆ ಸ್ಟೋರ್ಸಿನ ಬೀಗದ ಕೈ ಬೇಕೆಂದು ಅದೇ ಕಾರಿನಲ್ಲಿ ಕ್ವಾರ್ಟರ್ಸಿನ ಮುಂದೆ ಬಂದು ನಿಂತ. ನೀವು ಬನಿಯನ್ನಿನಲ್ಲೇ ಓಡಿದಿರಿ. ಮನೆ ಬಾಗಿಲಿಗೆ ಬಂದವರಿಗೆ ಏನಾದರೂ ಕೊಡಬೇಕಲ್ಲ ಎಂದು ನಾನು ಕಾಫಿ ತಂದೆ. ಪಾತ್ರೆ ತೊಳೆಯುತ್ತಿದ್ದವಳು, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಕೈಯಲ್ಲಿ ಇನ್ನೂ ಬೂದಿ ಇತ್ತು. ಯಾರಿವಳು ಎಂದು ದೊರೆ ಕೇಳಿದ. ನೀವು ಆಯಾ ಎಂದಿರಿ. ನನಗೆ ಇಂಗ್ಲಿಷು ಬಾರದು, ನಿಜ. ಆಯಾ ಎನ್ನುವುದು ಗಣಿಯ ಊರಿನಲ್ಲಿ ಯಾರಿಗೆ ತಿಳಿಯುವುದಿಲ್ಲ? ದೊರೆ ಕಾಫಿ ಕುಡಿದು, ಲೋಟದ ಜೊತೆಗೆ ಒಂದು ರೂಪಾಯಿಯನ್ನೂ ನನ್ನ ಕೈಗಿಟ್ಟ. ನಾನು ನಿಮ್ಮ ಮುಖ ನೋಡಿದೆ. “ಈಸ್ಕೊಂಡು ಸಲಾಮ್ ಮಾಡು” ಎಂದು ನೀವು ಹಲ್ಲು ಕಚ್ಚಿಕೊಂಡು ಹೇಳಿದಿರಿ. ಮಾಡಿದೆ. ಆಮೇಲೆ ನೀವು ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದು, ಅವನ ಪಕ್ಕದಲ್ಲಿ ಕುಳಿತು ಹೊರಟುಹೋದಿರಿ. ಎದುರು ಮನೆಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು.

ಸಾಯಂಕಾಲ ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರವನ್ನೂ ಬರೆದುಬಿಡುತ್ತೇನೆ: “ಇಂಗ್ಲಿಷು ಬರ್ದೇ ಇರೋಳ್ನ ಹೆಂಡ್ತಿ ಅಂತ ಹೇಳಿ ನಗೆಪಾಟ್ಲಾಗ್ಬೇಕಿತ್ತಾ? ಒಂದು ಮಾತ್ಗೆ ಏನಾಗೋಯ್ತು ನಿಂಗೆ?” ಆಮೇಲೆ ಊಟ ಮುಗಿಯುವವರೆಗೂ ಆ ಕಾರಿನ ಸುಖವನ್ನೇ ವರ್ಣಿಸಿದಿರಿ. ಅದರ ಸೀಟು ಎಷ್ಟು ಮೆತ್ತಗೆ, ಅದು ಎಷ್ಟು ಸಲೀಸಾಗಿ ತಿರುಗುತ್ತದೆ, ಹಾರನ್ನಿನ ಸದ್ದು ಹೇಗೆ. ನಾನು ಬಡಿಸುತ್ತಲೇ ಇದ್ದೆ. ಮರುದಿನ ನೀವು ಕೆಲಸಕ್ಕೆ ಹೋದ ಮೇಲೆ ದೊರೆಯ ಆ ರೂಪಾಯಿಯಲ್ಲೇ ಟಿಕೆಟ್ ತೆಗೆದು ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಉಳಿದ ಚಿಲ್ಲರೆಯಲ್ಲಿ ಬಂಗಾರಪೇಟೆಯಲ್ಲಿ ಇಳಿದು ಅವ್ವನಿಗೆ ಎಲೆ ಅಡಿಕೆ ಕೊಂಡುಕೊಂಡು ಮನೆಗೆ ಬಂದೆ. ಗಣಿಯ ಊರಿನ ನೀರು ಅವಳಿಗೆ ಒಗ್ಗಲಿಲ್ಲ ಎಂದು ನೀವು ಎಲ್ಲರಿಗೂ ಹೇಳಿಕೊಂಡು ತಿರುಗಿದಿರಂತೆ.

ಇಲ್ಲಿಗೆ ಬಂದು ಸುಮ್ಮನೆ ಕೂರಲಿಲ್ಲ. ಹುರಿಹಿಟ್ಟು, ಸಾರಿನಪುಡಿ ಮಾಡಿ ಅದೇ ರೈಲಿನಲ್ಲಿ ಹೊತ್ತುಕೊಂಡು ಹೋಗಿ ಊರಿಗಾಂ, ಕೋರಮಂಡಲ್‌ನ ಗಣಿ ಕೂಲಿಗಳ ಮನೆ ಲೈನುಗಳಲ್ಲಿ ಮಾರಿದೆ. ಒಂದು ದಿನ ಊರಿಗಾಂ ಸ್ಟೇಷನ್ನಿನಲ್ಲಿ ನನ್ನ ತಲೆಯ ಮೇಲಿನ ಬುಟ್ಟಿ ಕಂಡು ನೀವು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿರಿ. ನನಗೆ ಕಾಣಲಿಲ್ಲ ಎಂದುಕೊಂಡಿದ್ದೀರೇನೋ. ಕಂಡಿತು. ಆ ದಿನ ನಿಮ್ಮನ್ನು ಬಾಯಿತುಂಬ ಶಪಿಸಿದೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಅದಕ್ಕೇ ನಿಮ್ಮ ಕಾಗದ ಬಂದ ದಿನ ಮೊದಲು ಬರೆದ ಉತ್ತರ ಇದಲ್ಲ. ಕಾರು ಚಿನ್ನದಂಥದ್ದು, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ, ಮಾವ ಬೇರೆಯವರಿಗೆ ಕೊಟ್ಟುಬಿಟ್ಟಾನು ಎಂದು ಬರೆದಿದ್ದೆ. ನೀವು ಇದ್ದಬದ್ದದ್ದೆಲ್ಲ ಅದರ ಬಾಯಿಗೆ ಸುರಿಯಬೇಕು, ಶಿಫ್ಟು ಬಿಡುವ ಹೊತ್ತಿಗೆ ಊರಿಗಾಂ ಏರಿನ ನಡುವೆ ಅದು ಕೆಟ್ಟು ನಿಲ್ಲಬೇಕು, ನೀವು ಕೋಟು ಟೈ ಸಮೇತ ಬೆವರು ಸುರಿಸಿಕೊಂಡು ಅದನ್ನು ತಳ್ಳಬೇಕು, ಲೈನಿನ ಜನವೆಲ್ಲ ನಿಂತು ನೋಡಬೇಕು. ಅದನ್ನು ನೆನೆದು ಒಬ್ಬಳೇ ನಕ್ಕೆ. ಅವ್ವ ಏನಾಯಿತೇ ನಿನಗೆ ಎಂದಳು. ಆಮೇಲೆ ನನಗೇ ಹೊಳೆಯಿತು: ಕೆಟ್ಟು ನಿಂತರೂ ಅದು ನಿಮ್ಮ ಮನೆ ಮುಂದೆ ನಿಲ್ಲುತ್ತದೆ. ಕಾರಿನ ಆದಿನಾರಾಯಣಪ್ಪ ಎಂದು ನಿಮಗೆ ಹೆಸರು ಬರುತ್ತದೆ. ಅಷ್ಟು ಸುಖವೂ ನಿಮಗೆ ಸಿಗಕೂಡದು. ಕಾಗದವನ್ನು ಒಲೆಗೆ ಹಾಕಿದೆ.

ಮರುದಿನ ಮತ್ತೆ ಶೆಡ್ಡಿಗೆ ಹೋಗಿ ಮಾವನಿಂದ ತಾರ್ಪಾಲು ತೆಗೆಸಿದೆ. ಈಗ ಹೇಳುವುದನ್ನು ಅವ್ವನಿಗೂ ಹೇಳಿಲ್ಲ. ಮಾವ ಟೀ ಕುಡಿಯಲು ಹೋದಾಗ ಆ ಪಕ್ಕದ ಸೀಟಿನಲ್ಲಿ, ನೀವು ಕುಳಿತಿದ್ದ ಜಾಗದಲ್ಲೇ, ಕುಳಿತು ಬಾಗಿಲು ಹಾಕಿಕೊಂಡೆ. ತಗ್ಗಿನಲ್ಲಿ ಕುಳಿತ ಹಾಗಾಯಿತು. ಎದುರಿಗೆ ಶೆಡ್ಡಿನ ಗೋಡೆಯೂ ಪೂರ್ತಿ ಕಾಣುವುದಿಲ್ಲ. ಚರ್ಮ ಹರಿದು ನಾರು ಈಚೆಗೆ ಬಂದಿದೆ, ಇಲಿಯ ವಾಸನೆ. ಇಷ್ಟಕ್ಕೇ ನನ್ನನ್ನು ಆಯಾ ಮಾಡಿದರಲ್ಲ ಎಂದು ಅಳು ನುಗ್ಗಿ ಬಂತು. ಚೆನ್ನಾಗಿ ಅತ್ತೆ. ಮಾವ ಬರುವ ಮುಂಚೆ ಮುಖ ಒರೆಸಿಕೊಂಡು ಇಳಿದೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ಆ ಕಾರನ್ನು ಕೊಳ್ಳಬೇಡಿ. ಕೊಳ್ಳುತ್ತೇನೆಂದರೂ ಈಗ ಅದು ಇಲ್ಲ. ಕಳೆದ ವಾರ ಮಾರಾಟವಾಯಿತು. ಕೊಂಡವರಿಗೆ ಬೇಕಾಗಿದ್ದದ್ದು ಇಂಜಿನ್ನು ಮಾತ್ರ. ನಮ್ಮ ಬೀದಿಗೆ ಇನ್ನೂ ಕರೆಂಟಿನ ಕಂಬ ಬಂದಿಲ್ಲ ನೋಡಿ, ಹಿಟ್ಟಿನ ಗಿರಣಿ ನಡೆಸಬೇಕಾದರೆ ಇಂಜಿನ್ನೇ ಆಗಬೇಕು. ಮಾವ ಸರಪಳಿ ಕಟ್ಟಿ ಅದನ್ನು ಮೇಲಕ್ಕೆತ್ತಿ ಈಚೆಗೆ ತೆಗೆದ. ನಾನು ನಿಂತು ನೋಡಿದೆ, ಕಣ್ಣಿಗೆ ಹಬ್ಬವಾಯಿತು. ಸಿಮೆಂಟಿನ ಕಟ್ಟೆಯ ಮೇಲೆ ಬೋಲ್ಟು ಹಾಕಿ ಕೂರಿಸಿ, ಬೆಲ್ಟು ಎಳೆದಿದ್ದಾನೆ. ಪೆಟ್ರೋಲಿನಲ್ಲಿ ಎಬ್ಬಿಸಿ ಸೀಮೆಎಣ್ಣೆಗೆ ತಿರುಗಿಸಿದರೆ ಸಾಯಂಕಾಲದವರೆಗೆ ರಾಗಿ ಬೀಸುತ್ತದೆ. ಉಳಿದ ತಗಡನ್ನು ಗುಜರಿಯವನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋದ. ನಿಮಗೆ ಹೊಟ್ಟೆ ಉರಿಯಲಿ ಎಂದೇ ಇಷ್ಟು ವಿವರವಾಗಿ ಬರೆದಿದ್ದೇನೆ.

ನನ್ನ ವಿಷಯಕ್ಕೂ ಉತ್ತರ ಕೊಡಬೇಕು. ನಾನು ಬರುವುದಿಲ್ಲ. ಕಾರಿದ್ದರೂ ಬರುತ್ತಿರಲಿಲ್ಲ. ಆ ಭಾನುವಾರದ ಮರುದಿನವೇ ನೀವು ರೈಲಿನಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದರೆ ಬಂದುಬಿಡುತ್ತಿದ್ದೆ, ಅಷ್ಟು ಪೆದ್ದಿಯಾಗಿದ್ದೆ. ಒಂದು ತಿಂಗಳು ರೈಲು ಬರುವ ಹೊತ್ತಿಗೆ ಕಿವಿಗೊಟ್ಟು ಕಾದೆ. ಆಗ ಬಾರದವರು ಈಗಲೂ ಬರಬೇಡಿ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ದೊಡ್ಡವೆಂಕಟಪ್ಪನವರ ಮಗಳು
ಮುನಿಶಾಮಮ್ಮ

ಮಡಿಸುವ ಮುಂಚೆ ನೆನಪಾಯಿತು: ಗಿರಣಿ ಯಾರದು ಎಂದು ಬರೆಯಲೇ ಇಲ್ಲ. ನನ್ನದು. ಒಂದು ವರ್ಷದಿಂದ ಇಂಜಿನ್ನು ಹುಡುಕುತ್ತಿದ್ದೆ. ದೊರೆಯ ಕಾರು ಕಂಡರೆ ನನಗೆ ನೋವಾಗುತ್ತದೆಂದು ಮಾವ ಅದನ್ನು ತಾರ್ಪಾಲು ಮುಚ್ಚಿ ಬಚ್ಚಿಟ್ಟಿದ್ದ. ಅದು ಅಲ್ಲಿದೆ ಎಂದು ತಿಳಿಸಿದವರು ನೀವೇ. ಉಪಕಾರವಾಯಿತು. ಇನ್ನೊಂದು ಮಾತು. ಬೆಳಿಗ್ಗೆ ಹ್ಯಾಂಡಲ್ ತಿರುಗಿಸಿ ಇಂಜಿನ್ನು ಎಬ್ಬಿಸುವುದಕ್ಕೆ ಒಬ್ಬ ಆಳು ಬೇಕಾಗಿದ್ದಾನೆ. ಮಾವನಿಗೆ ವಯಸ್ಸಾಯಿತು, ನನ್ನ ರಟ್ಟೆಯ ಬಲ ಸಾಲದು. ಅದರ ಮೇಲೆ ನಿಮಗೆ ಅಷ್ಟೊಂದು ಆಸೆ ಇದ್ದರೆ ಬಂದು ಸೇರಿಕೊಳ್ಳಿ, ಕೂಲಿ ಕೊಡುತ್ತೇನೆ. ಇಂಗ್ಲಿಷು ಬರಬೇಕೆಂದೇನಿಲ್ಲ.