ಅಮ್ಮನನ್ನು ಪಾರ್ಸೆಲ್ ಮಾಡುವುದಿಲ್ಲ

ಅಸಾಹಿಕಾವಾ
ಮಾರ್ಚ್ ೨೪, ೧೯೯೩

ತಮ್ಮ ಕುನಿಹಿಕೊನಿಗೆ,

ಫೋನಿನಲ್ಲಿ ಬೈದಿದ್ದರೆ ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿದುಹೋಗುತ್ತಿತ್ತು. “ಇಲ್ಲಕ್ಕ, ಒಪ್ಪಿಗೆ ಬರಹದಲ್ಲೇ ಬೇಕು, ಇಲ್ಲಿನ ಗುಡಿಯವರು ಕೇಳ್ತಾರೆ” ಎಂದು ನನ್ನ ಕೈಗೆ ಪೆನ್ನು ಹಿಡಿಸಿದ್ದೀಯ. ಆರನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಅಕ್ಷರ ಬರೆಯುವುದೆಂದರೆ ಹೆಪ್ಪುಗಟ್ಟಿದ ನೆಲಕ್ಕೆ ಗುದ್ದಲಿ ಹಾಕಿದ ಹಾಗೆ. ಕಾಗುಣಿತ ತಪ್ಪಿದ್ದರೆ ಮೇಷ್ಟ್ರಾದ ನೀನೇ ಕೆಂಪು ಶಾಯಿಯಲ್ಲಿ ತಿದ್ದಿಕೋ. ಉತ್ತರ ತಡವಾಯಿತು. ಕ್ಷಮೆ ಕೇಳುವುದಿಲ್ಲ. ನಿನ್ನ ಕಾಗದ ಓದಿ, ಮಡಚಿ, ಅಕ್ಕಿ ಡಬ್ಬದಡಿ ಇಟ್ಟಿದ್ದೆ.

ನಿನ್ನ ಕೆಮ್ಮು ಹೇಗಿದೆ? ನಿನ್ನ ಹೆಂಡತಿ ಸುಮಿಕೊ ಕಳಿಸಿದ ಕಿತ್ತಳೆ ಬಂತು. ಅರ್ಧ ದಾರಿಯಲ್ಲೇ ಹೆಪ್ಪುಗಟ್ಟಿ ಕಲ್ಲಾಗಿತ್ತು. ಒಲೆಯ ಪಕ್ಕ ಇಟ್ಟು ಕರಗಿಸಿದೆ, ಕೆಸರಾಯಿತು. ತಿಂದೆ. ಅವಳಿಗೆ ಹೇಳು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಗೋರಿಯನ್ನು ಮುಚ್ಚಿಸಬೇಕು, ಅಪ್ಪ ಅಮ್ಮನ ಅಸ್ಥಿಯನ್ನು ನಿನ್ನ ಶಿಜುಒಕಾಗೆ ಸಾಗಿಸಬೇಕು, ಅಲ್ಲಿ ಸಮುದ್ರ ಕಾಣುವ ಗುಡ್ಡದ ಮೇಲೆ ಜಾಗ ನೋಡಿದ್ದೇನೆ ಎಂದು ಬರೆದಿದ್ದೀಯ. ಅದಕ್ಕೆ ಕಾರಣವಾಗಿ ಎರಡು ಪುಟ ಭೂಗೋಳದ ಪಾಠ. ಅಸಾಹಿಕಾವಾ ಸುತ್ತ ಬೆಟ್ಟವಿರುವ ಬಟ್ಟಲು, ಭಾರವಾದ ಚಳಿಗಾಳಿ ಇಳಿದು ತಳದಲ್ಲಿ ನಿಲ್ಲುತ್ತದೆ, ನದಿಗಳ ಆವಿ ಗಾಳಿಯಲ್ಲೇ ಹೆಪ್ಪುಗಟ್ಟುತ್ತದೆ, ಅರ್ಧ ವರ್ಷ ಗೋರಿಗಳೆಲ್ಲ ಹಿಮದಡಿ, ಅಂಥ ಕಡೆ ಸತ್ತವರನ್ನಾದರೂ ಯಾಕೆ ಇಡಬೇಕು ಎಂದು. ನೀನು ಬರೆದದ್ದರಲ್ಲಿ ಸುಳ್ಳಿಲ್ಲ. ಈ ಬಟ್ಟಲಿನ ತಳದಲ್ಲೇ ನಿನ್ನ ಹೊಕ್ಕುಳಬಳ್ಳಿ ಬಿದ್ದದ್ದು ಎಂಬುದೊಂದನ್ನು ಬಿಟ್ಟಿದ್ದೀಯ, ಅಷ್ಟೇ.

ತಾತ ಎಲ್ಲಿಯವನು? ತೆಂಕಣದ ಶಿಕೊಕುವಿನವನು. ಅವನೂ ಕಿತ್ತಳೆ ನಾಡಿನವನೇ. ಒಂದು ಕೈಗೆ ಬಂದೂಕು, ಇನ್ನೊಂದಕ್ಕೆ ಕೊಡಲಿ ಕೊಟ್ಟು, ಸೈನಿಕನೂ ನೀನೇ ರೈತನೂ ನೀನೇ ಎಂದು ಸರ್ಕಾರ ಅವನನ್ನು ಈ ಕಾಡಿಗೆ ಅಟ್ಟಿತು. ಮೈನಸ್ ನಲವತ್ತೊಂದಕ್ಕೆ ಇಳಿದ ಬೆಳಗ್ಗೆ ಅಪ್ಪ ಹುಟ್ಟಿದ. ಸೂಲಗಿತ್ತಿ ಬರಲಿಲ್ಲ. ನದಿಯಾಚೆಯಿಂದ ಐನು ಬುಡಕಟ್ಟಿನ ಮುದುಕಿಯೊಬ್ಬಳು ಸೊಂಟದವರೆಗಿನ ಹಿಮ ತುಳಿದುಕೊಂಡು ಬಂದು, ಮಗುವನ್ನು ಜಿಂಕೆ ಚರ್ಮದಲ್ಲಿ ಸುತ್ತಿ ತನ್ನ ಎದೆಗೆ ಅವುಚಿಕೊಂಡು ಕೂತಳು. ಅವಳ ಜನರ ನೆಲವನ್ನೇ ಕಿತ್ತು ನಮ್ಮ ತಾತನಿಗೆ ಹಂಚಿದ್ದರು. ಆದರೂ ಬಂದಳು. ನಿನಗೆ ವಿಮಾನವಿದೆ.

ಮೊನ್ನೆ, ಹಗಲು ರಾತ್ರಿ ಸಮನಾಗುವ ವಸಂತ ಸಂಕ್ರಮಣಕ್ಕೆ ಹಿರಿಯರಿಗೆ ಹೂವಿಡಲು ಹೋಗಿದ್ದೆ. ಪಕ್ಕದ ಮನೆಯ ಇವಾಬುಚಿ ಮುದುಕ ಜೊತೆಗೆ ಬಂದ. ನಿನಗೆ ನೆನಪಿರಬೇಕು, ಚಳಿಗಾಲ ಪೂರ್ತಿ ಅವನಿಗೂ ನನಗೂ ಜಗಳ, ಅವನ ಅಂಗಳದ ಹಿಮವೆಲ್ಲ ನನ್ನ ಬಾಗಿಲಿಗೇ ಬೀಳುತ್ತದೆ. ಈ ಸಲವೂ ಕೇಳಿದೆ, “ನಿನ್ನ ಹಿಮ ನನ್ನ ಬಾಗಿಲಿಗೆ ಯಾಕಯ್ಯ ಎಸೀತೀಯ?”

“ಹಿಮದ ಮೇಲೆ ನನ್ನ ಹೆಸರು ಬರ್ದಿದ್ಯಾ, ಫುಸಾಯೊ?”

“ಹಿಮದ ಮೇಲಿಲ್ಲ. ನನ್ನ ಬಾಗಿಲಲ್ಲೇ ಬಿಟ್ಟೋಗಿದ್ಯಲ್ಲ, ಆ ಸಲಿಕೆ ಮೇಲಿದೆ.”

ಅಂಥವನು ನನಗಿಂತ ಮುಂದೆ ನಿಂತು ಗೋರಿಗೆ ದಾರಿ ತೋಡಿದ. ಕಲ್ಲಿನ ನೆತ್ತಿ ಮಾತ್ರ ಕಾಣುತ್ತಿತ್ತು. ನಮ್ಮ ಮನೆತನದ ಹೆಸರಿನ ತನಕ ಅಗೆದು, ಕೈಗವಸಿನಲ್ಲಿ ಒರೆಸಿ, ಹೂವಿಟ್ಟೆವು. ನಾವು ಬೆನ್ನು ತಿರುಗಿಸುವುದರೊಳಗೆ ಹೂವು ಗಾಜಿನ ಹಾಗೆ ಪೆಡಸಾಯಿತು. ಅಲ್ಲೇ ಅವನಿಗೆ ನಿನ್ನ ವಿಷಯ ಹೇಳಿದೆ. ನೀನು ಬರಲು ಆಗುವುದಿಲ್ಲವಂತೆ, ಅಸ್ಥಿಯನ್ನು ಡಬ್ಬದಲ್ಲಿ ಕಟ್ಟಿ ಅಂಚೆಗೆ ಹಾಕಬೇಕಂತೆ, ಅಂಚೆಯವರು ತೆಗೆದುಕೊಳ್ಳುತ್ತಾರಂತೆ ಎಂದೆ.

ಮುದುಕ ಸಲಿಕೆ ನೆಟ್ಟು ನಿಂತ. “ಪಾರ್ಸೆಲ್ಲಾ? ಇಲ್ಲಿಂದ ತೆಂಕಣದೋರಿಗೆ ಏಡಿ ಕಳ್ಸೋದು ಹಾಗೆ! ಹೆತ್ತೋರ್ನೂ ಕಳ್ಸ್ತಾರಾ?”

“ಮೇಷ್ಟ್ರು ಬರ್ದಿದಾನೆ, ಸರಿಯಾಗೇ ಇರ್ಬೇಕು.”

“ಏಡಿ ತಲುಪಿದ್ರೆ ಚೆನ್ನಾಗಿತ್ತು ಅಂತ ಫೋನಾದ್ರೂ ಮಾಡ್ತಾರೆ. ಇವನು ಏನಂತ ಮಾಡ್ತಾನೆ?”

ನಾನು ನಕ್ಕುಬಿಟ್ಟೆ, ಕುನಿಹಿಕೊ. ಗೋರಿಯ ಮುಂದೆ ನಿಂತು ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ನೀನು ಕಳಿಸು ಎಂದದ್ದನ್ನು ಕಳಿಸುವುದಾದರೂ ಹೇಗೆ? ನಿಮ್ಮ ಕಡೆ ಅಸ್ಥಿಯ ಕುಡಿಕೆಯನ್ನು ಹಾಗೇ ಗೋರಿಯೊಳಗೆ ಕಪಾಟಿನಲ್ಲಿಟ್ಟಂತೆ ಇಡುತ್ತಾರಂತೆ. ನಮ್ಮಲ್ಲಿ ಕುಡಿಕೆ ಇಡುವುದಿಲ್ಲ. ಗೋರಿಯ ಕಲ್ಲು ಸರಿಸಿ, ಅಸ್ಥಿಯನ್ನು ಬರಿ ಮಣ್ಣಿಗೆ ಸುರಿಯುತ್ತೇವೆ. ತಾತ, ಅಜ್ಜಿ, ಹಸುಗೂಸಾಗಿಯೇ ಹೋದ ನಮ್ಮ ತಂಗಿ, ಅಪ್ಪ, ಎಲ್ಲರೂ ಈಗ ಒಂದೇ ಮಣ್ಣು. ಅದರಲ್ಲಿ ಅಪ್ಪ ಯಾವುದು ಎಂದು ಜರಡಿ ಹಿಡಿಯಲೇ? ಅಪ್ಪನನ್ನು ಸುರಿದ ದಿನ ನೀನೂ ಇದ್ದೆ. ಬೂದಿ ಹಾರಿ ನಿನ್ನ ಹೊಸ ಕೋಟಿನ ಮೇಲೆ ಕೂತಿತು, ನೀನು ಕೊಡವಿಕೊಂಡೆ. ಅಷ್ಟು ಬೇಗ ಮರೆತೆಯಾ?

ಇನ್ನೊಂದನ್ನೂ ಮರೆತಿದ್ದೀಯ. ಅಮ್ಮ ಹೋದದ್ದು ಎರಡು ವರ್ಷದ ಹಿಂದೆ, ಜನವರಿಯಲ್ಲಿ. ನೀನು ಬಂದೆ, ಚಿತಾಗಾರದಲ್ಲಿ ನನ್ನ ಜೊತೆ ನಿಂತು ಕಡ್ಡಿಯಲ್ಲಿ ಮೂಳೆ ಎತ್ತಿದೆ, ಮೂಗಿನ ಕೂದಲು ಹೆಪ್ಪುಗಟ್ಟುತ್ತಿದೆ ಎಂದು ಗೊಣಗಿದೆ, ನಾಲ್ಕನೇ ದಿನ ವಿಮಾನ ಹತ್ತಿದೆ. ಅಸ್ಥಿ ಮಣ್ಣಿಗೆ ಸೇರಿಸುವ ನಲವತ್ತೊಂಬತ್ತನೆಯ ದಿನ ನೀನು ನಿನ್ನ ಮನೆಯಲ್ಲೇ ದೀಪ ಹಚ್ಚಿ ಎಲ್ಲ ಮುಗಿಯಿತು ಅಂದುಕೊಂಡೆ. ನಿಮ್ಮ ಬೆಚ್ಚಗಿನ ಊರಿನಲ್ಲಿ ಅದು ಮುಗಿಯುತ್ತದೆ. ಇಲ್ಲಿ ಚಳಿಗಾಲದಲ್ಲಿ ಸತ್ತವರಿಗೆ ಗೋರಿ ಬಾಗಿಲು ತೆರೆಯುವುದಿಲ್ಲ. ಹಿಮ ಕರಗುವ ತನಕ ಅವರು ಮನೆಯಲ್ಲೇ ಇರುತ್ತಾರೆ. ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಮಾತು. ಹಿಮದ ಬಗ್ಗೆ ಮಕ್ಕಳಿಗೆ ಪಾಠ ಹೇಳಿದ ನಿನಗೆ ಹೊಳೆಯಲಿಲ್ಲ. “ಅಮ್ಮನನ್ನು ಮಣ್ಣಿಗೆ ಯಾವಾಗ ಸೇರಿಸಿದಿರಿ, ಅಕ್ಕ?” ಎಂದು ಒಂದೇ ಒಂದು ಸಲ ಕೇಳಲಿಲ್ಲ.

ಒಪ್ಪಿಗೆ ಕೇಳಿದೆಯಲ್ಲ, ಬರಹದಲ್ಲೇ ತೆಗೆದುಕೋ: ಒಪ್ಪುವುದಿಲ್ಲ. ಗೋರಿ ಮುಚ್ಚುವುದಿಲ್ಲ. ನಾಳೆ ನನ್ನನ್ನೂ ಅಲ್ಲೇ ಸುರಿಯಲಿ, ಸುರಿಯಲು ಯಾರೂ ಇಲ್ಲದಿದ್ದರೆ ಇವಾಬುಚಿ ತನ್ನ ಸಲಿಕೆ ತರುತ್ತಾನೆ, ಅಭ್ಯಾಸವಿದೆ.

ನಿನಗೂ ಸುಮಿಕೊಗೂ ಮೊಮ್ಮಕ್ಕಳಿಗೂ ಒಳ್ಳೆಯದಾಗಲಿ. ಎದೆಗೆ ಉಣ್ಣೆ ಕಟ್ಟಿಕೋ, ಮೂಲಂಗಿ ರಸಕ್ಕೆ ಜೇನು ಹಾಕಿ ಕುಡಿ. ಸಿಟ್ಟು ಬೇರೆ, ಕೆಮ್ಮು ಬೇರೆ.

ನಿನ್ನ ಅಕ್ಕ,
ಫುಸಾಯೊ

ತಾ.ಕ.: ಅಮ್ಮ ಗೋರಿಯಲ್ಲಿಲ್ಲ. ಇಲ್ಲೇ ಇದ್ದಾಳೆ, ದೇವರ ಕೋಣೆಯಲ್ಲಿ, ಬಿಳಿ ಬಟ್ಟೆ ಸುತ್ತಿದ ಕುಡಿಕೆಯಲ್ಲಿ. ಎರಡು ವಸಂತ ಬಂದು ಹೋದವು, ನಾನು ಸುರಿಯಲಿಲ್ಲ. “ಕುನಿ ಬರೋ ತನಕ ನನ್ನ ಮಣ್ಣಿಗೆ ಹಾಕ್ಬೇಡ, ಮೊದಲ ಹಿಡಿ ಅವನ ಕೈಯಿಂದಲೇ ಬೀಳ್ಲಿ” ಎಂದಿದ್ದಳು. ಮೈ ಒರೆಸಿದ್ದು ನಾನು, ಗಂಜಿ ಕುಡಿಸಿದ್ದು ನಾನು, ಹಿಡಿ ಮಾತ್ರ ನಿನ್ನದು ಬೇಕಂತೆ. ಕೊನೆಕೊನೆಗೆ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ನಾನು ಹತ್ತಿರ ಹೋದಾಗಲೆಲ್ಲ “ಕುನಿ, ಬಂದ್ಯಾ?” ಎನ್ನುತ್ತಿದ್ದಳು. ಮೊದಮೊದಲು, ನಾನಮ್ಮ, ಫುಸಾಯೊ ಎಂದೆ. ಅವಳ ಮುಖ ಬಾಡುತ್ತಿತ್ತು. ಆಮೇಲಾಮೇಲೆ ದನಿ ದಪ್ಪ ಮಾಡಿಕೊಂಡು “ಹೂಂ, ಬಂದೆ” ಎಂದುಬಿಡುತ್ತಿದ್ದೆ. ಆಗ ನನ್ನ ಕೈ ಹಿಡಿದುಕೊಂಡು ನಿದ್ದೆ ಹೋಗುತ್ತಿದ್ದಳು. ನನ್ನ ಹೆಸರು ಹಿಡಿದು ಅವಳು ಕರೆಯದೆಯೇ ಹೋದಳು.

ಮೇ ತಿಂಗಳ ಮೊದಲ ವಾರ ಗೋರಿಯ ಕಲ್ಲು ಸರಿಸಬಹುದು. ಬರುತ್ತೀಯೋ ಇಲ್ಲವೋ, ಏಪ್ರಿಲ್ ಇಪ್ಪತ್ತರೊಳಗೆ ಉತ್ತರ ಬರೆ.