ಬಿಳಿಯಾಗಿಯೇ ಉಳಿದ ಬಟ್ಟೆ

ಬಣ್ಣದ ಮನೆಯಿಂದ,
ಗುರುವಾರ, ಸಂಜೆ ಆರು ಗಂಟೆ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ರೋಗಿಗಳನ್ನು ಎತ್ತಿ ಕೂರಿಸುವ ಕೆಲಸವನ್ನು ಇನ್ನಾದರೂ ಎಳೆಯ ದಾದಿಯರಿಗೆ ಬಿಡು. ನನಗೆ ಊಟ ಸೇರುತ್ತಿದೆ, ನಿದ್ದೆ ಹತ್ತುತ್ತಿಲ್ಲ. ಇವತ್ತು ಬೆಳಿಗ್ಗೆ ದರ್ಜಿಯ ಬಟ್ಟೆಗಳನ್ನು ಹಿಂಡಿ ಒಣಹಾಕಿದೆವು. ಮಧ್ಯಾಹ್ನ ಚಿಕ್ಕಪ್ಪ ಉಳಿದವನ್ನು ಜಾಲಿಸಲು ಹೊಳೆಗೆ ಹೋದರು. ಅವರು ಯಾವಾಗ ಹೋಗುತ್ತಾರೋ ಎಂದೇ ನಾನು ಕಾಯುತ್ತಿದ್ದೆ. ಅಪ್ಪ ತೀರಿಹೋದಾಗಿನಿಂದ ಈ ಮನೆಯಲ್ಲಿ ಯಾವ ಬಾಗಿಲು ಕಿರ್ ಎಂದರೂ ನನ್ನ ಕಿವಿ ನೆಟ್ಟಗಾಗುತ್ತದೆ.

ಆ ದಿನ ನಾನು ದರ್ಜಿಯ ಅಂಗಡಿಗೆ ಹೋಗಿದ್ದೆ. ತಿರುಗಿ ಬಂದಾಗ ಅಪ್ಪ ನೀಲಿ ಬಾನಿಯ ಪಕ್ಕದ ಬೆಂಚಿನ ಮೇಲೆ ನೆಟ್ಟಗೆ ಮಲಗಿದ್ದರು. ಎದೆ ನಿಂತಿತು ಎಂದು ವೈದ್ಯರು ಹೇಳಿದರು. ಅದರಲ್ಲಿ ನನಗೆ ಅನುಮಾನವಿಲ್ಲ. ಚಿಕ್ಕಪ್ಪ ಮಾತ್ರ, "ನಾನು ಹೊಳೆಯಿಂದ ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು, ಒಂದು ನರಪಿಳ್ಳೆನೂ ಇರಲಿಲ್ಲ" ಅಂದರು. ಹಾಗಾದರೆ ಸತ್ತವರ ಬಾಯಿ ತೆರೆದುಕೊಳ್ಳದಂತೆ ಅಪ್ಪನ ಗಲ್ಲಕ್ಕೆ ಅಷ್ಟು ನೀಟಾಗಿ ಪಟ್ಟಿ ಕಟ್ಟಿದವರು ಯಾರು? ಕೇಳಿದರೆ, "ನಾನೇ ಕಣೇ" ಎಂದು ಗೋಡೆ ನೋಡಿದರು. ಆ ಗಂಟು ಬಣ್ಣದವರದ್ದಲ್ಲ ಅಕ್ಕಾ. ಒದ್ದೆ ಕೈಯಲ್ಲಿ ಬಿಚ್ಚಬೇಕಲ್ಲ, ನಾವು ಕಟ್ಟುವುದೆಲ್ಲ ಎಳೆದರೆ ಜಾರುವ ಗಂಟು. ಇದನ್ನು ಬಿಚ್ಚುವಾಗ ನನ್ನ ಉಗುರು ಮುರಿಯಿತು.

ಆಮೇಲೆ ಹಿಂದಿನ ಬೀದಿಯ ಇಸ್ತ್ರಿಯವಳು ಬಂದು, "ನಿಮ್ಮ ಹಿತ್ತಲಿಂದ ಶಾಲು ಹೊದ್ದ ಹೆಂಗಸೊಬ್ಬಳು ಅಳ್ತಾ ಹೋದ್ಲಲ್ಲ, ಹಿಮ್ಮಡಿಯೆಲ್ಲ ನೀಲಿ, ಯಾರೇ ಅದು?" ಅಂದಳು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ, "ಅವಳೇ! ಚಪ್ಪಡಿ ಕೆಳಗಿನವಳು!" ಎಂದು ಹಾರಿಬಿದ್ದರು.

ಆ ಕಥೆ ನಿನಗೆ ಗೊತ್ತೇ ಇದೆ. ಆದರೂ ಬರೆಯುತ್ತೇನೆ, ಬರೆದರೆ ನನ್ನ ಅನುಮಾನ ಒಂದು ದಡ ಸೇರೀತು. ಬಟ್ಟೆ ಅದ್ದುವ ಮುಂಚೆ ಬಾನಿಗೆ ಒಂದು ಸುಳ್ಳು ಹೇಳಬೇಕು, ನಿಜ ಹೇಳಿದರೆ ಬಣ್ಣ ಹತ್ತುವುದಿಲ್ಲ. ಇದು ನಮ್ಮ ಕಸುಬಿನ ನೇಮ. ಚಿಕ್ಕಪ್ಪ, "ನಾನು ಹುಟ್ಟುವಾಗಲೇ ಮೀಸೆ ಇತ್ತು" ಅನ್ನುತ್ತಿದ್ದರು. ಅಪ್ಪ, "ನಿಮ್ಮಮ್ಮ ನನ್ನ ಮಾತು ಕೇಳ್ತಾಳೆ" ಅನ್ನುತ್ತಿದ್ದರು, ಬಣ್ಣ ಗಾಢವಾಗಿ ಹತ್ತುತ್ತಿತ್ತು. ಮುತ್ತಜ್ಜಿಯ ಕಾಲದ ಯುದ್ಧದಲ್ಲಿ, ಕಾಡಿನಲ್ಲಿ ಅಡಗಿದ್ದವರಿಗೆ ಸುದ್ದಿ ಮುಟ್ಟಿಸುತ್ತಿದ್ದ ಅವಳ ತಂಗಿಯನ್ನು ಹುಡುಕುತ್ತ ದಳಪತಿ ಇಲ್ಲಿಗೇ ಬಂದ. ಬಿಳಿ ಅಂಗಿಯೊಂದನ್ನು ಅದ್ದಲು ಕೊಟ್ಟು, "ನಿನ್ನ ತಂಗಿ ಎಲ್ಲಿ?" ಎಂದು ಕೇಳಿದ. ಬಾನಿಯ ಮುಂದಿನ ಚಪ್ಪಡಿಯ ಮೇಲೆ ನಿಂತಿದ್ದ ಮುತ್ತಜ್ಜಿ, "ನನ್ನ ಕಾಲ ಕೆಳಗೇ ಕೂತಿದಾಳೆ ದೊರೆ, ಕರೀಲಾ?" ಅಂದಳು. ಬಾನಿಯ ಮುಂದಿನ ಮಾತಲ್ಲವೇ, ಸುಳ್ಳೆಂದುಕೊಂಡು ಎಲ್ಲರೂ ನಕ್ಕು ಹೋದರು. ಅಂಗಿ ಬಿಳಿಯಾಗಿಯೇ ಉಳಿಯಿತು. ಆಮೇಲೆ ಮುತ್ತಜ್ಜಿ ಚಪ್ಪಡಿ ಎತ್ತಿದರೆ ತಂಗಿ ಅಡಗಿದ್ದ ಗುಂಡಿ ಖಾಲಿ. ಆ ಅಂಗಿ ಬಿಳಿಯಾಗಿರುವ ತನಕ ಅವಳು ಕಣ್ಣಿಗೆ ಕಾಣದೆ ಈ ಮನೆಯಲ್ಲೇ ಇರುತ್ತಾಳೆ ಎಂದು ಅಜ್ಜಿ ಹೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಅಟ್ಟ ಹತ್ತಿ ಅದೇ ಅಂಗಿಯನ್ನು ತಂದು ಬಿಡಿಸಿ ತೋರಿಸಿದರು. ನೀಲಿಯಾಗಿತ್ತು. "ನೋಡು, ಎದ್ದು ಹೋದ್ಲು, ಜತೆಗೆ ಅಣ್ಣನ್ನೂ ಕರ್ಕೊಂಡ್ಲು" ಎಂದು ಕಣ್ಣೊರೆಸಿಕೊಂಡರು. ನಾನೂ ಅತ್ತೆ. ಅಳುತ್ತಲೇ ಅಂಗಿಯ ಹೊಲಿಗೆ ಮುಟ್ಟಿದೆ. ಒಳಮಡಿಕೆಯಲ್ಲಿ ಇನ್ನೂ ತೇವವಿತ್ತು.

ಇವತ್ತು ಅವರು ಹೊಳೆಗೆ ಹೋದ ಮೇಲೆ ಹಳೆಯ ದುಪ್ಪಟಿಯೊಂದನ್ನು ಹರಿದು ತುಂಡು ಮಾಡಿದೆ. ನಮಗೆ ಗೊತ್ತಿಲ್ಲದ್ದೂ ಬಾನಿಗೆ ಗೊತ್ತು ಎಂದು ಅಪ್ಪ ಹೇಳುತ್ತಿದ್ದರಲ್ಲ. "ಚಪ್ಪಡಿ ಕೆಳಗಿನವಳು ಎದ್ದು ಹೋದಳು" ಎಂದು ಒಂದು ತುಂಡು ಅದ್ದಿದೆ. ಹಸಿರಾಗಿ ಮೇಲೆ ಬಂದು, ಗಾಳಿ ತಾಗಿದ್ದೇ ನೀಲಿಯಾಯಿತು. ಅಂದರೆ ಸುಳ್ಳು. ಅವಳು ಇನ್ನೂ ಇಲ್ಲೇ ಇದ್ದಾಳೆ. ಅದೇ ಹೊತ್ತಿಗೆ ಕಾಲ ಕೆಳಗೆ ಯಾರೋ ಕೆಮ್ಮಿದರು. ನನಗೆ ಹೆದರಿಕೆಯಾಗಲಿಲ್ಲ, ಮನೆಯವಳೇ ತಾನೆ. ಆಮೇಲೆ, ಗಲ್ಲದ ಆ ಗಂಟು ದಾದಿಯರು ಕಟ್ಟುವಂಥದ್ದು ಎಂದು ನೆನೆದು, ಇನ್ನೊಂದು ತುಂಡು ಹಿಡಿದು, "ಅಕ್ಕ ಬಂದಿದ್ದಳು" ಅಂದೆ. ಅದ್ದಿ ತೆಗೆದು ಕಾದೆ. ಬಣ್ಣ ತಿರುಗಲಿಲ್ಲ. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗೆ ಹೊರಬಂತು.

ಚಿಕ್ಕಪ್ಪ ಬಂದು ಹಗ್ಗದ ಮೇಲೆ ಆ ಬಿಳಿ ತುಂಡನ್ನು ನೋಡಿದರು. ಬುಟ್ಟಿ ಇಳಿಸಲೂ ಇಲ್ಲ. "ಮಾತು ಕೊಟ್ಟಿದೀನಿ ಮಗಾ. ಅಂಗಿ ಅದ್ದಿದ್ದು ನಾನೇ. ಇನ್ನು ಏನೂ ಕೇಳಬೇಡ" ಎಂದು ಒಳಗೆ ಹೋದರು.

ಅಕ್ಕಾ, ದಾದಿ ಕೆಲಸಕ್ಕೆ ಹೊರಟ ದಿನ, "ನಾನಿರೋ ತನಕ ಈ ಹೊಸ್ತಿಲು ತುಳೀಬೇಡ" ಎಂದು ಅಪ್ಪ ನಿನಗೆ ಹೇಳಿದ್ದರು. ನೀನು ತುಳಿದೆ. ಅದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಸತ್ತ ಸುದ್ದಿ ತಡವಾಗಿ ಸಿಕ್ಕಿತು ಎಂದು ನನಗೆ ಕಾಗದ ಬರೆದೆಯಲ್ಲ, ಅದನ್ನು ನುಂಗಿಕೊಳ್ಳಲು ಆಗುತ್ತಿಲ್ಲ. ನಾನು ಬರುವ ತನಕ ಕಾಯದೆ ಯಾಕೆ ಓಡಿದೆ?

ಮೈ ಕಡೆ ನಿಗಾ ಇರಲಿ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕ್ಷೇಮ ಕೇಳಿದ್ದಾಗಿ ಬರೆಯಲು ಚಿಕ್ಕಪ್ಪ ಹೇಳಿದ್ದಾರೆ, ಏನೂ ಆಗದವರ ಹಾಗೆ.

ನಿನ್ನ ತಂಗಿ,
ಗುಬ್ಬಿ

ಮ.ವಿ.: ಇನ್ನೊಂದು ತುಂಡು ಉಳಿದಿತ್ತು. "ಅಕ್ಕನ ಜೊತೆ ಜಗಳವಾಡುತ್ತಲೇ ಅಪ್ಪನ ಎದೆ ನಿಂತಿತು" ಎಂದು ಹೇಳಿ ಅದ್ದಬೇಕೆಂದು ನಿಂತೆ. ಹೇಳದೆಯೇ ತುಂಡನ್ನು ಮಡಿಚಿಟ್ಟೆ. ಜಗಳವೋ, ರಾಜಿಯೋ, ನೀನೇ ಬಂದು ನನ್ನ ಮುಖ ನೋಡಿ ಹೇಳು, ನಂಬುತ್ತೇನೆ. ಬಾನಿಯನ್ನೇ ಕೇಳುವ ಆಸೆ ನನಗೆ ಮತ್ತೆ ಹುಟ್ಟಬಾರದು, ಅದಕ್ಕೆ ಚಿಕ್ಕಪ್ಪನಿಗೆ ಹೇಳಿದ್ದೇನೆ: ನಾಳೆ ಬೆಳಿಗ್ಗೆ ಬಾನಿ ಖಾಲಿ ಮಾಡುತ್ತೇವೆ.