ಸೋಮವಾರದ ತಪ್ಪಲ್ಲ

ಪ್ರೀತಿಯ ಮಾದಸ್ವಾಮಣ್ಣ,

ನಿಮ್ಮ ಕೈ ಹೇಗಿದೆ ಎಂದು ಕೇಳಿ, ನಿಮ್ಮ ಮನೆಯವರಾದ ಪುಟ್ಟಗೌರಮ್ಮನವರಿಗೆ ನಮಸ್ಕಾರ ತಿಳಿಸಿ ಈ ಕಾಗದ ಮುಗಿಸಿಬಿಡುವುದರಲ್ಲಿದ್ದೆ. ಹಾಗೆ ಬರೆದ ಒಂದು ಹಾಳೆ ಮೇಜಿನ ಮೇಲೆ ಇನ್ನೂ ಇದೆ. ಅದರಲ್ಲಿ ಸುಳ್ಳೇನೂ ಇಲ್ಲ, ಹೇಳಬೇಕಾದದ್ದೂ ಇಲ್ಲ. ಅದರಲ್ಲಿ ಬಿಟ್ಟದ್ದು ಇಷ್ಟು: ಅಂದು ಬೆಳಿಗ್ಗೆ ಬ್ಲೇಡು ಕಲ್ಲಿಗೆ ಸಿಕ್ಕಿಕೊಂಡದ್ದು ನಿಮ್ಮ ಕೈ ತಪ್ಪಿದ್ದರಿಂದಲ್ಲ, ಸೋಮವಾರದಿಂದಲೂ ಅಲ್ಲ. ನನ್ನಿಂದ.

ಎರಡು ಸಲ ಫೋನ್ ಮಾಡಿದ್ದೆ. ಒಮ್ಮೆ ಎಕ್ಸ್‌ರೇ ವಿಷಯ, ಇನ್ನೊಮ್ಮೆ ಹಸು ಕರು ಹಾಕಿದ ವಿಷಯ ಮಾತಾಡಿ ಇಟ್ಟುಬಿಟ್ಟೆ. ಫೋನಿನಲ್ಲಾದರೆ ನಾನು ಮಾತು ಮುಗಿಸುವ ಮೊದಲೇ ನೀವು ‘ಬುಡಿ ಅಮ್ಮಾರೆ’ ಎಂದುಬಿಡುತ್ತೀರಿ, ನನಗೂ ಅಷ್ಟೇ ಬೇಕಾಗಿರುತ್ತದೆ. ನೀವು ಅಕ್ಷರಕ್ಕೆ ಬೆರಳಿಟ್ಟು ನಿಧಾನವಾಗಿ ಓದುವವರು. ದಯವಿಟ್ಟು ಕೊನೆಯವರೆಗೂ ಓದಿ.

ಮುಚ್ಚಿಹೋದ ರೆಸಾರ್ಟೊಂದರಿಂದ ನಾನು ತಂದ ಆ ನಾಲ್ಕು ಗಾಲಿಯ ಬೈಕನ್ನು ಮೊದಲ ಸಲ ನೋಡಿದಾಗ ನೀವು ಅದರ ಸುತ್ತ ಒಂದು ಸುತ್ತು ಬಂದು, ‘ಇದೇನ್ ಅಮ್ಮಾರೆ, ನಿಮ್ ಟ್ರ್ಯಾಕ್ಟ್ರು ಮರಿ ಆಕ್ಬುಟ್ಟದಾ?’ ಎಂದಿದ್ದಿರಿ. ಆಗ ನಗು ಬಂದಿತ್ತು. ನವೆಂಬರಿನಲ್ಲಿ ನಗುವ ಸ್ಥಿತಿ ಇರಲಿಲ್ಲ. ಮಳೆ ಮುಗಿದು ಸೋಲಾರ್ ಬೇಲಿಯ ಕೆಳಗಿನ ಹುಲ್ಲು ತಂತಿಯವರೆಗೆ ಬೆಳೆದು ಕರೆಂಟನ್ನೆಲ್ಲ ನೆಲಕ್ಕೆ ಇಳಿಸುತ್ತಿತ್ತು. ರಾಗಿ ಬಲಿತಿತ್ತು. ಶನಿವಾರ ಆನೆ ಬಂದು ಮೂಲೆಯ ಪಟ್ಟೆಯನ್ನು ತುಳಿದು ಹೋಯಿತು. ಬೈಕಿನ ಮುಂದೆ ಬ್ಲೇಡು ಕೂರಿಸಿ ಬೇಲಿಯುದ್ದಕ್ಕೂ ಹುಲ್ಲು, ಮುಳ್ಳುಕಂಟಿ ಕೆರೆದು ತಳ್ಳಬೇಕು, ನಾಳೆಯೇ ಬನ್ನಿ ಎಂದು ಭಾನುವಾರ ನಾನೇ ಹಠ ಹಿಡಿದೆ.

ನಾಳೆ ಎಂದರೆ ಕಡೇ ಕಾರ್ತಿಕ ಸೋಮವಾರ. ‘ಸೋಮ್ವಾರ ನೇಗ್ಲು ಕಟ್ಟಕಿಲ್ಲ ಕಣ್ರಿ, ಬಸಪ್ಪಂಗೆ ರಜ’ ಎಂದಿರಿ. ಇದಕ್ಕೆ ಕೊಂಬಿಲ್ಲ, ಬಾಲವಿಲ್ಲ, ಕುಡಿಯುವುದು ಪೆಟ್ರೋಲು, ಇದಕ್ಕೆಲ್ಲಿಯ ರಜೆ ಎಂದು ನಾನು ವಾದಿಸಿದೆ. ನೀವು ‘ಸರಿ, ಬಸಪ್ಪಂಗೆ ನೀವೇ ಜವಾಬ್ ಏಳಿ. ಇಂಗ್ಲೀಸಲ್ಲಿ ಏಳಿ, ಅರ್ಥಾಗ್ದೆ ಸುಮ್ಕಾಯ್ತಾನೆ’ ಎಂದಿರಿ. ನಾನು ಕರೆದದ್ದರಿಂದ ಬಂದಿರಿ.

ಬೈಕಿನ ಹೊಟ್ಟೆಯ ಕೆಳಗೆ ಮಲಗಿ ಚಾಸಿಸ್ಸಿಗೆ ಪ್ಲೇಟು ಬಿಗಿದಿರಿ, ಎರಡು ತೋಳು ಜೋಡಿಸಿದಿರಿ, ತೋಳುಗಳ ತುದಿಗೆ ಬ್ಲೇಡು ನಿಲ್ಲಿಸಿ ಪಿನ್ನು ಹಾಕಿದಿರಿ. ನಾನು ಪಕ್ಕದಲ್ಲಿ ಕಂಪನಿಯ ಪುಸ್ತಕ ಹಿಡಿದು, ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದೆ. ನಾನು ಪುಟ ತಿರುಗಿಸುವಷ್ಟರಲ್ಲಿ ನೀವು ಆ ಕೆಲಸ ಮುಗಿಸಿರುತ್ತಿದ್ದಿರಿ. ಬ್ಲೇಡು ನೆಲ ಕಚ್ಚದಂತೆ ಎತ್ತಿ ಹಿಡಿಯಲು ಎರಡು ಬದಿಯಲ್ಲಿ ಊರುಗಾಲುಗಳಿವೆಯಲ್ಲ, ಅಲ್ಲಿಗೆ ಬಂದಾಗ ಮಾತ್ರ ಕೆಲಸ ನಿಲ್ಲಿಸಿ, ಚಪ್ಪಲಿ ಬಿಟ್ಟು, ಬೇಲಿಯ ಗುಂಟ ಬರಿಗಾಲಲ್ಲಿ ನಡೆದು ಬಂದಿರಿ. ಮೂಲೆಯ ಕಂಬದ ಬಳಿ ಹುಲ್ಲಿನೊಳಗೆ ಒಂದು ಕಲ್ಲು ಎರಡು ಬೆರಳಿನಷ್ಟು ಎದ್ದಿದೆ, ಬ್ಲೇಡು ಮೂರು ಬೆರಳು ಮೇಲಿರಲಿ ಎಂದಿರಿ. ಪುಸ್ತಕದಲ್ಲಿ ಅರ್ಧ ಇಂಚು ಎಂದಿದೆ ಎಂದೆ.

‘ಪುಸ್ತ್ಕ ಬರ್ದೋನು ನಮ್ಮೊಲ ತುಳ್ದವ್ನಾ?’

ಮೂರು ಬೆರಳಿಗೇ ಬಿಗಿ ಮಾಡಿ, ಕೈ ಒರೆಸಿಕೊಂಡು, ಬೆಳಿಗ್ಗೆ ಬಂದು ಓಡಿಸುತ್ತೇನೆಂದು ಹೊರಟಿರಿ.

ಆ ಮಾತು ನನಗೆ ಚುಚ್ಚಿತೇ? ಈಗಲೂ ಸರಿಯಾಗಿ ಗೊತ್ತಾಗುತ್ತಿಲ್ಲ. ಮೂರು ಬೆರಳು ಹುಲ್ಲು ಉಳಿದರೆ ಎರಡೇ ವಾರಕ್ಕೆ ಮತ್ತೆ ತಂತಿ ಮುಟ್ಟುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹದಿನೇಳನೇ ನಂಬರಿನ ಸ್ಪ್ಯಾನರನ್ನು ನೀವು ಸೀಟಿನ ಮೇಲೆ ಮರೆತು ಹೋಗಿದ್ದಿರಿ. ಸಂಜೆ ಅದರಿಂದ ಎರಡೂ ಊರುಗಾಲು ಬಿಚ್ಚಿ, ಎತ್ತರಕ್ಕೆಂದು ನೀವು ಕೆಳಗೆ ಹಾಕಿದ್ದ ವಾಷರುಗಳನ್ನು ಮೇಲಕ್ಕೆ ಹಾಕಿದೆ. ಬ್ಲೇಡು ಒಂದು ಬೆರಳಿಗೆ ಇಳಿಯಿತು. ನನ್ನ ಕೈಯಿಂದಲೂ ಒಂದು ಕೆಲಸವಾಯಿತಲ್ಲ ಎಂದು ಹಿಗ್ಗಿದೆ. ಬೆಳಿಗ್ಗೆ ನಿಮಗೆ ಹೇಳೋಣ ಎಂದುಕೊಂಡೆ. ನಿಜವಾಗಿ ಹೇಳುತ್ತಿದ್ದೆನೇ? ಹೇಳಿದ್ದರೆ ನೀವು ಮತ್ತೆ ಎತ್ತಿಸುತ್ತಿದ್ದಿರಿ, ಅದು ನನಗೆ ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ ನೀವು ಬೇಗ ಬಂದಿರಿ. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಬೈಕು ಹೊರಟ ಸದ್ದು ಕೇಳಿತು. ಈಗ ಓಡಿ ಹೋಗಿ ಹೇಳಬೇಕು ಅನ್ನಿಸಿದ್ದು ನೆನಪಿದೆ. ಲೋಟಕ್ಕೆ ಸಕ್ಕರೆ ಹಾಕಿದ್ದೂ ನೆನಪಿದೆ. ಆಮೇಲೆ ಮೂಲೆಯ ಕಂಬದ ಕಡೆಯಿಂದ ಆ ಸದ್ದು.

ಜೀಪಿನಲ್ಲಿ ನಿಮ್ಮನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಕರೆದೊಯ್ದೆ. ಮುರಿದ ಬಲಗೈ ಮಣಿಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಿರಿ. ‘ಮೂರ್ ಬೆಳ್ಳು ಬುಟ್ಟಿದ್ದೆ ಕಣವ್ವ. ನನ್ ಕೈಯೇ ಸುಳ್ಳೇಳ್ಬುಡ್ತು. ಸೋಮ್ವಾರ ಮುಟ್ಬಾರ್ದಾಗಿತ್ತು.’ ಅಂದಿನವರೆಗೆ ಅಮ್ಮಾರೆ ಎನ್ನುತ್ತಿದ್ದವರು ಅವತ್ತು ಅವ್ವ ಎಂದಿರಿ. ನಿಮ್ಮ ಸ್ಪ್ಯಾನರ್ ನನ್ನ ಸ್ವೆಟರಿನ ಜೇಬಿನಲ್ಲಿತ್ತು. ರಸ್ತೆಯ ಪ್ರತಿ ಗುಂಡಿಗೂ ಅದು ಪಕ್ಕೆಗೆ ಒತ್ತುತ್ತಿತ್ತು. ನಾನು ಅದನ್ನು ಇನ್ನಷ್ಟು ಒಳಕ್ಕೆ ತಳ್ಳಿಕೊಂಡೆ.

ಸೋಮವಾರವನ್ನು ನಂಬುವವಳಲ್ಲ ನಾನು. ಆದರೂ ಈ ಮೂರು ತಿಂಗಳು ಅದರ ಬೆನ್ನ ಹಿಂದೆಯೇ ಅಡಗಿ ಕೂತೆ. ಊರಿನಲ್ಲಿ ಯಾರಾದರೂ ‘ಕಡೇ ಸೋಮ್ವಾರ ಕಬ್ಬುಣ ಮುಟ್ಟುದ್ರೆ ಇನ್ನೇನಾದದು’ ಎಂದರೆ ತಲೆಯಾಡಿಸಿದ್ದೇನೆ. ನಂಬುವ ನಿಮಗೆ ಅದು ಶಿಕ್ಷೆಯಾಯಿತು, ನಂಬದ ನನಗೆ ಅನುಕೂಲವಾಯಿತು.

ಕಳೆದ ಗುರುವಾರ ಹನೂರು ಬಸ್‌ಸ್ಟ್ಯಾಂಡಿನಲ್ಲಿ ಪುಟ್ಟಗೌರಮ್ಮ ಸಿಕ್ಕಿದರು. ‘ಮೂಳೆ ಕೂಡ್ಕತ್ತು ಕಣಕ್ಕ, ಮನ್ಸು ಕೂಡ್ಕಂಡಿಲ್ಲ. ಒಂದ್ ನೆಟ್ಟು ಬಿಗಿ ಮಾಡದು, ತಿರ್ಗ ಬಿಚ್ಚಿ ನೋಡದು. ಶಿವ್ರಾತ್ರಿ ಕಳೀಲಿ, ಸಾಮಾನೆಲ್ಲ ಯಳಂದೂರಲ್ಲಿರೋ ನನ್ ತಮ್ಮ ದೇವರಾಜುಂಗೆ ಕೊಟ್ಬುಟ್ಟು ವಾಚ್‌ಮನ್ ಕೆಲ್ಸಕ್ಕೆ ಓಯ್ತೀನಿ ಅಂತಾರೆ’ ಎಂದರು. ಬಸ್ಸು ಬಂತು, ಅವರು ಹತ್ತಿದರು. ನಾನು ಹತ್ತಬೇಕಾದ ಬಸ್ಸೂ ಅದೇ ಆಗಿತ್ತು. ಹತ್ತಲು ಆಗಲಿಲ್ಲ. ಅಂದಿನಿಂದ ಒಂದು ಕಡೆ ಕೂರುವುದಕ್ಕೂ ಆಗುತ್ತಿಲ್ಲ. ಈ ಕಾಗದವನ್ನೇ ನಾಲ್ಕು ಸಲ ಎದ್ದು ಹೋಗಿ ಬಂದು ಬರೆಯುತ್ತಿದ್ದೇನೆ. ಎದ್ದಾಗಲೆಲ್ಲ ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗಿರುವ ಆ ಬೈಕನ್ನು ನೋಡಿ ಬರುತ್ತೇನೆ.

ಮಾದಸ್ವಾಮಣ್ಣ, ಸಾಮಾನು ಕೊಡಬೇಡಿ. ನಿಮ್ಮನ್ನು ಸಮಾಧಾನ ಮಾಡಲು ಇದನ್ನೆಲ್ಲ ಕಟ್ಟಿ ಹೇಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ಹಾಗಿದ್ದರೆ ಬಂದು ಟಾರ್ಪಾಲು ಸರಿಸಿ ನೋಡಿ. ಬ್ಲೇಡು ಬಗ್ಗಿದೆ, ಆದರೆ ಊರುಗಾಲು ಹಾಗೆಯೇ ಇವೆ. ನೀವು ಕೆಳಗೆ ಹಾಕಿದ್ದ ವಾಷರುಗಳು ಮೇಲಿವೆ. ನೆಟ್ಟುಗಳ ಮೂಲೆಗಳು ಸವೆದು ದುಂಡಗಾಗಿವೆ, ಸ್ಪ್ಯಾನರ್ ಸರಿಯಾಗಿ ಕೂರಿಸಲು ಬಾರದವರು ತಿರುಗಿಸಿದ ಹಾಗೆ. ನಿಮ್ಮ ಕೈ ಯಾವತ್ತಾದರೂ ನೆಟ್ಟಿನ ಮೂಲೆ ತಿಂದಿದೆಯೇ? ನೋಡಿದ ಕೂಡಲೇ ಅದು ಯಾರ ಕೆಲಸ ಎಂದು ನಿಮಗೇ ತಿಳಿಯುತ್ತದೆ.

ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಬುಡಿ ಎನ್ನಬೇಡಿ. ನಿಮ್ಮ ಸ್ಪ್ಯಾನರ್ ಡಬ್ಬದಲ್ಲಿ ಹದಿನೇಳರ ಜಾಗ ಖಾಲಿ ಇದೆಯಲ್ಲ, ಶಿವರಾತ್ರಿಯೊಳಗೆ ನಾನೇ ನಿಮ್ಮ ಶೆಡ್ಡಿಗೆ ಬಂದು ಅದನ್ನು ನಿಮ್ಮ ಬಲಗೈಗೆ ಕೊಡುತ್ತೇನೆ. ಪುಟ್ಟಗೌರಮ್ಮನವರ ಎದುರಿಗೇ ಕೊಡುತ್ತೇನೆ.

ನಿಮ್ಮ ಮೂರು ಬೆರಳು ಎಂದಿಗೂ ಮೂರು ಬೆರಳೇ ಆಗಿರಲಿ. ಬೆಟ್ಟದ ಮಾದಪ್ಪ ಆ ಕೈಯನ್ನು ಕಾಯಲಿ.

ಇಂತಿ,
ನಿಮ್ಮ ಮಾತು ಮೀರಿದ,
ಯಶೋದ

ಬರೆದು ಮುಗಿಸಿದ್ದು ಭಾನುವಾರ. ಲೊಕ್ಕನಹಳ್ಳಿಯ ಅಂಚೆ ಡಬ್ಬಕ್ಕೆ ಹಾಕುವುದು ನಾಳೆ: ಸೋಮವಾರ, ೯ ಫೆಬ್ರವರಿ ೨೦೨೬.